ಖಾಲಾ ಮನೆಯ ಹೂ ಬಿಡದ ಮರ

ಮೊನ್ನೆ ಮಗಳು ಕೇಕ್ ಮಾಡಲೆಂದು ಬಾದಾಮಿ ಎಸೆನ್ಸಿನ ಪುಟ್ಟ ಸೀಸೆಯ ಮುಚ್ಚಳ ತೆಗೆದಳು. ಸಿಹಿಯ ಒಳಗೇ ತುಸು ಕಹಿ ಇರುವ ವಾಸನೆ... ಶಿಡ್ಲಘಟ್ಟದ ನಮ್ಮ ಹಳೆಯ ಗಲ್ಲಿ ಕಣ್ಣ ಮುಂದೆ ಬಂತು. ಪಕ್ಕದ ಮನೆಯ ಖಾಲಾ ಹಿತ್ತಲಿನಲ್ಲಿದ್ದ ಪೀಚ್ ಮರದ ಕಡ್ಡಿ ಮುರಿದರೆ ಥೇಟ್ ಇದೇ ವಾಸನೆ ಬರುತ್ತಿತ್ತು.

ಅವರ ಅಕ್ಕನ ಮಕ್ಕಳು ಚಿಕ್ಕಮ್ಮ ಎಂಬರ್ಥದಲ್ಲಿ ಖಾಲಾ ಎನ್ನುತ್ತಿದ್ದರು, ಕೇಳಿ ಕೇಳಿ ನಾವೂ ಹಾಗೇ ಕರೆದೆವು. ಮನೆಯಲ್ಲೇ ರೇಷ್ಮೆಗೂಡಿನಿಂದ ನೂಲು ತೆಗೆಯುತ್ತಿದ್ದರು. ಬಿಸಿನೀರಿನಲ್ಲಿ ಕೈಯಾಡಿಸಿ ಅವರ ಬೆರಳ ತುದಿಗಳು ಮರಗಟ್ಟಿದ್ದವು. ಗಂಡ ಮಿಲಿಟರಿಯಲ್ಲಿ ಲಾರಿ ಓಡಿಸುತ್ತಿದ್ದವರು. ಒಮ್ಮೆ ರಜೆಗೆ ಬಂದಾಗ ಕಾಶ್ಮೀರದಿಂದ ಒದ್ದೆ ಗೋಣಿಯಲ್ಲಿ ಸುತ್ತಿ ಆ ಸಸಿ ತಂದು ನೆಟ್ಟರಂತೆ. ಹಣ್ಣಿಗಲ್ಲ, ಬರೀ ಹೂವಿನ ಚೆಂದಕ್ಕೆ ಬೆಳೆಸುವ ಜಾತಿ. ಎಲೆ ಒಂದೂ ಇಲ್ಲದೆ ಮರವೆಲ್ಲ ಗುಲಾಬಿ ಬಣ್ಣ ಆಗುತ್ತದೆ, ನೀನೇ ನೋಡುವೆಯಂತೆ ಎಂದು ಹೇಳಿ ಹೋದವರು ಅಪಘಾತದಲ್ಲಿ ತೀರಿಕೊಂಡರು.

ಮರ ಬೆಳೆಯಿತು, ಹೂ ಬಿಡಲಿಲ್ಲ. ಖಾಲಾ ಗಂಡ ಮಾತಿನಮಲ್ಲ ಎಂದು ಮೊದಲೇ ಹೆಸರು. ಇದೂ ಅವರು ಬಿಟ್ಟ ಬುರುಡೆಯೇ ಎಂದು ನೆಂಟರು ಮರ ತೋರಿಸಿ ನಗುತ್ತಿದ್ದರು. ಖಾಲಾ ಮರದ ಬುಡಕ್ಕೆ ನೀರು ಹೊಯ್ಯುತ್ತಿದ್ದರು. ಅವರಿಗೆ ಹೂವಿಗಿಂತ ಹೆಚ್ಚಾಗಿ ಗಂಡನ ಆ ಒಂದು ಮಾತು ನಿಜವಾಗಬೇಕಿತ್ತು.

ನಮ್ಮಪ್ಪನಿಗೆ ಊರಾಚೆ ದ್ರಾಕ್ಷಿ ತೋಟವಿತ್ತು. ಕೈಗೆ ಕತ್ತರಿ ಬಂದರೆ ಅವರಿಗೆ ಲೋಕದ ಗಿಡವೆಲ್ಲ ದ್ರಾಕ್ಷಿಯೇ. ದಸರಾ ಕಳೆದು ತೋಟದ ಬಳ್ಳಿಗಳನ್ನು ಸವರಿದ ಮೇಲೆ ಖಾಲಾ ಮರಕ್ಕೂ ಬರುತ್ತಿದ್ದರು. “ಕಡ್ಡಿ ಮೊಟಕು ಮಾಡಿದ್ರೇನೇ ಕಣಮ್ಮ ಕಣ್ಣು ಒಡೆದು ಹೂ ಬರೋದು” ಎಂದು ಪ್ರತಿ ವರ್ಷವೂ ಪ್ರೀತಿಯಿಂದ ಕತ್ತರಿಸಿ, ಟೀ ಕುಡಿದು ಹೋಗುತ್ತಿದ್ದರು.

ತೊಂಬತ್ತರ ದಶಕದಲ್ಲಿ ನಾನು ಸಸ್ಯಶಾಸ್ತ್ರ ಓದಲು ಚಿಕ್ಕಬಳ್ಳಾಪುರದ ಕಾಲೇಜಿಗೆ ಸೇರಿದೆ. ಮೇಷ್ಟ್ರಿಗೆ ಈ ಕಥೆ ಹೇಳಿದರೆ ಅವರು ತಲೆಯ ಮೇಲೆ ಕೈ ಇಟ್ಟುಕೊಂಡರು. ದ್ರಾಕ್ಷಿ ಹೂ ಬಿಡುವುದು ಹೊಸ ಚಿಗುರಿನಲ್ಲಿ, ಪೀಚ್ ಹಿಂದಿನ ವರ್ಷದ ಕಡ್ಡಿಯಲ್ಲಿ. ಮಳೆಗಾಲದಲ್ಲೇ ಮೊಗ್ಗು ಕಟ್ಟಿ, ಆಮೇಲೆ ಅದು ನಿದ್ದೆ ಹೋಗುತ್ತದೆ.

“ನಿಮ್ಮಪ್ಪ ಇಷ್ಟು ವರ್ಷ ಕತ್ತರಿಸಿದ್ದು ಹೂವನ್ನೇ ಕಣಮ್ಮ” ಎಂದರು. “ಇನ್ನೊಂದು ವಿಷ್ಯ. ಎಷ್ಟು ಚಳಿ ಕಂಡ್ಮೇಲೆ ಏಳ್ಬೇಕು ಅನ್ನೋದು ಅದರ ಜೀನ್‌ನಲ್ಲೇ ಇರುತ್ತೆ. ಊರು ಬದಲಾಯ್ತು ಅಂತ ಅದು ಬದಲಾಗಲ್ಲ.”

ಆ ವರ್ಷ ಅಪ್ಪನನ್ನು ಮರದ ಹತ್ತಿರ ಬಿಡಲಿಲ್ಲ. ಕಡ್ಡಿಗಳ ತುಂಬ ನವಿರು ರೋಮದ ದಪ್ಪ ಮೊಗ್ಗುಗಳು ಕೂತವು. ಬೆರಳಿಗೆ ತಿಳಿಯದೆಂದು ಖಾಲಾ ಕಡ್ಡಿಯನ್ನು ಬಗ್ಗಿಸಿ ಕೆನ್ನೆಗೆ ತಾಗಿಸಿಕೊಳ್ಳುತ್ತಿದ್ದರು. ಸಂಕ್ರಾಂತಿ ಬಂತು, ಹೋಯಿತು. ನಮ್ಮೂರ ಚಳಿ ಆ ಮರಕ್ಕೆ ಸಾಲಲಿಲ್ಲ. ಮೊಗ್ಗುಗಳು ಬಿರಿಯದೆಯೇ ಉದುರತೊಡಗಿದವು. ಖಾಲಾ ಅವನ್ನು ಸೆರಗಿಗೆ ಆಯ್ದುಕೊಂಡು ಕೂತಿದ್ದರು... ನನ್ನಿಂದ ನೋಡಲಾಗಲಿಲ್ಲ.

ಕಾಲೇಜಿನಿಂದ ಭೂತಗನ್ನಡಿ ಕೇಳಿ ತಂದೆ. ಕೊಂಬೆಯಲ್ಲಿ ಉಳಿದಿದ್ದ ಒಂದು ಮೊಗ್ಗನ್ನು ಬ್ಲೇಡಿನಿಂದ ಸೀಳಿ ಅವರ ಕಣ್ಣ ಮುಂದೆ ಹಿಡಿದೆ. ಮಡಚಿಕೊಂಡ ಪುಟಾಣಿ ದಳಗಳು, ಕೇಸರಗಳು, ಅಂಚಿನಲ್ಲಿ ಇಷ್ಟೇ ಇಷ್ಟು ಗುಲಾಬಿ. ಖಾಲಾ ಬಹಳ ಹೊತ್ತು ನೋಡಿದರು.

“ಐತಲ್ಲ ಬೇಟಿ ಹೂವು... ನಮ್ಮೋರು ಸುಳ್ಳು ಹೇಳಿಲ್ಲ.”

ಗೊಳೋ ಎಂದು ಅತ್ತರು. ಗಂಡ ಸತ್ತ ಸುದ್ದಿ ಬಂದಾಗಲೂ ಅಷ್ಟು ಅತ್ತಿರಲಿಲ್ಲ ಎಂದು ಅಮ್ಮ ಆಮೇಲೆ ಹೇಳಿದಳು. ಚೆನ್ನಾಗಿ ಕಾಣಲಿ ಎಂದು ನಾನು ಇನ್ನೊಂದು ಮೊಗ್ಗು ಸೀಳಲು ಹೋದೆ. ಕೈ ಹಿಡಿದುಕೊಂಡರು.

“ಬೇಡಮ್ಮ. ಮಲ್ಗಿರ್ಲಿ.”

ಕೆಲವು ವರ್ಷಗಳ ಮೇಲೆ ಖಾಲಾ ತೀರಿಹೋದರು. ಮನೆ ಕೊಂಡವರು, ಹೂ ಬಿಡದ ಮರ ಯಾಕೆ ಎಂದು ಕಡಿಸಿ ಹಾಕಿದರು. ಮಳೆಗಾಲ ಆಗಷ್ಟೇ ಮುಗಿದಿತ್ತು, ಕಡ್ಡಿಗಳಲ್ಲಿ ಮೊಗ್ಗು ಕೂತಿರುವ ಹೊತ್ತು. ನಾನು ಓಡಿ ಹೋಗುವಷ್ಟರಲ್ಲಿ ಹಿತ್ತಲೆಲ್ಲ ಈ ಕಹಿಬಾದಾಮಿ ವಾಸನೆ...

ಮಗಳು ಸೀಸೆ ಮುಚ್ಚಿಟ್ಟಳು. ಇನ್ನೊಂದ್ಸಲ ತೆಗಿಯೇ ಎಂದೆ. ಆ ಮರದ ಒಳಗೆ ಹೂವಿತ್ತು ಎಂದು ಕಣ್ಣಾರೆ ಕಂಡವಳು ಈಗ ನಾನೊಬ್ಬಳೇ ಉಳಿದಿದ್ದೇನೆ.