ಮೂರನೆಯ ಪೊಟ್ಟಣ

ನಮ್ಮ ಮಾವನವರ ಬಲಗೆನ್ನೆಯ ಮೇಲೆ, ಕಿವಿಯಿಂದ ಮೀಸೆಯ ತುದಿಯವರೆಗೆ, ಸಾಸಿವೆ ಚೆಲ್ಲಿದ ಹಾಗೆ ಹತ್ತು ಹನ್ನೆರಡು ನೀಲಿ ಚುಕ್ಕೆಗಳಿದ್ದವು. ಹರೆಯದಲ್ಲಿ ಯಾರದೋ ಹಳೆಯ ಬಂದೂಕಿನಿಂದ ಈಡು ಹೊಡೆಯುವಾಗ ಮದ್ದು ಹಿಂದಕ್ಕೆ ಸಿಡಿದು, ಚರ್ಮದೊಳಗೆ ಹೊಕ್ಕು, ಅಲ್ಲಿಯೇ ಉಳಿದುಬಿಟ್ಟಿತ್ತಂತೆ. ರೋಣದಿಂದ ಮದುವೆಯಾಗಿ ನರಗುಂದದ ಆ ಮನೆಗೆ ಬಂದ ಹೊಸದರಲ್ಲಿ ನಾನು ಅವರ ಮುಖವನ್ನು ನೆಟ್ಟಗೆ ನೋಡಿದವಳೇ ಅಲ್ಲ. ಸೆರಗಿನ ಅಂಚಿನಿಂದ ಕಾಣುತ್ತಿದ್ದುದು ಆ ಕೆನ್ನೆಯೊಂದೇ. ಸಿಡುಬಿನ ಕಲೆಯಿರಬೇಕೆಂದು ತಿಳಿದು ಒಳಗೊಳಗೇ ಮರುಕಪಟ್ಟಿದ್ದೆ. ಒಮ್ಮೆ ಅತ್ತೆಯ ಮುಂದೆ ಹಾಗೆಂದಾಗ ಅವರು ನಕ್ಕು ನಕ್ಕು ಕಣ್ಣೊರೆಸಿಕೊಂಡರು.

ಮಾವನವರದು ಕಾಳುಕಡಿಯ ಅಂಗಡಿ. ಜೋಳ, ಗೋಧಿ, ಕಡಲೆ ಬಂಡಿಗಟ್ಟಲೆ ಬಂದು ಇಳಿಯುತ್ತಿದ್ದವು. ಬಂದೂಕು ಮನೆಗೆ ಬಂದದ್ದು ಅವರ ತಂದೆಯ ಕಾಲದಲ್ಲಿ, ಕಾಳಿನ ಕೋಣೆ ಕಾಯಲೆಂದು ಲೈಸೆನ್ಸು ಪಡೆದು ತಂದದ್ದು. ನಳಿಗೆಯ ಬಾಯಿಂದ ಮದ್ದು ಸುರಿದು, ಗುಂಡು ಇಳಿಸಿ, ಕಡ್ಡಿಯಿಂದ ಜಡಿಯುವ ಹಳೆಯ ತರಹದ ಒಂಟಿ ನಳಿಗೆಯ ಬಂದೂಕು. ಕಳ್ಳರಂತೂ ಒಬ್ಬರೂ ಬರಲಿಲ್ಲ. ಬಂದೂಕು ಮಾತ್ರ ಮಾವನವರಿಗೆ ಅಂಟಿಕೊಂಡಿತು. ಲಿಂಗಪೂಜೆ ಮಾಡಿಕೊಳ್ಳದೆ ಒಂದು ಗುಟುಕು ನೀರು ಕುಡಿಯದ ಮನುಷ್ಯ. ಗುಬ್ಬಿಯ ಮೇಲೂ ಗುಂಡು ಹಾರಿಸಿದವರಲ್ಲ. ಅವರ ಹುಚ್ಚೆಲ್ಲ ಹಲಗೆಗೆ ಗುರಿಯಿಟ್ಟು ಹೊಡೆಯುವುದರಲ್ಲಿ. ‘ಇವರ ಬಂದೂಕಿಗೆ ಸತ್ತದ್ದು ಒಂದ ಹಲಗಿ, ಇನ್ನೊಂದ ಮನ್ಯಾಗಿನ ಧೋತರ’ ಎಂದು ಅತ್ತೆ ಹಾಸ್ಯ ಮಾಡುತ್ತಿದ್ದರು. ನಳಿಗೆ ಒರೆಸಲು ಒಳ್ಳೊಳ್ಳೆಯ ಧೋತರಗಳನ್ನೇ ಹರಿಯುತ್ತಿದ್ದರು ಎಂಬುದು ಅವರ ಸಂಕಟ.

ಮಾವನವರ ಕಣ್ಣು ದೂರದ್ದನ್ನು ಬಿಡುತ್ತಿರಲಿಲ್ಲ. ಗುಡ್ಡದ ಮೇಲೆ ಮೇಯುತ್ತಿರುವ ಆಡುಗಳಲ್ಲಿ ಯಾವುದು ಕುಂಟುತ್ತದೆಂದು ಅಂಗಡಿಯ ಕಟ್ಟೆಯ ಮೇಲೆ ಕುಳಿತೇ ಹೇಳುತ್ತಿದ್ದರು. ಅಂಗೈಯಲ್ಲಿರುವ ಕಡಲೆಗೆ ಹುಳು ಬಿದ್ದಿದ್ದರೆ ಮಾತ್ರ ಕಾಣುತ್ತಿರಲಿಲ್ಲ. ಕನ್ನಡಕ ಹಾಕಿಕೊಳ್ಳಿ ಎಂದರೆ ಸಿಟ್ಟು. ಕನ್ನಡಕ ಹಾಕಿಕೊಂಡು ಗುರಿ ಹೊಡೆಯುವ ಶರ್ಯತ್ತಿಗೆ ಹೋದರೆ ಗಜೇಂದ್ರಗಡದವರು ನಗುತ್ತಾರಂತೆ.

ಈ ಸಿಟ್ಟಿನಿಂದಲೇ ನನಗೆ ಆ ಮನೆಯಲ್ಲಿ ಒಂದು ಕೆಲಸ ಸಿಕ್ಕಿತು. ನಾನು ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾದವಳು. ಹುಬ್ಬಳ್ಳಿಯ ಕಡೆಯಿಂದ ಮಧ್ಯಾಹ್ನದ ಬಸ್ಸಿಗೆ ಪತ್ರಿಕೆ ಬರುತ್ತಿತ್ತು. ಸೊಸೆಯಾದವಳು ಮಾವನ ಎದುರು ನಿಲ್ಲುವಂತಿಲ್ಲ, ಮಾತಾಡುವಂತಿಲ್ಲ. ಓದಬಾರದೆಂದು ಮಾತ್ರ ಯಾರೂ ನಿಯಮ ಮಾಡಿರಲಿಲ್ಲ. ಹೀಗಾಗಿ ಮಾವನವರು ಪಡಸಾಲೆಯಲ್ಲಿ ಕಂಬಕ್ಕೊರಗಿ ಕೂಡುವುದು, ನಾನು ನಡುಮನೆಯ ಬಾಗಿಲ ಹಿಂದೆ ನಿಂತು ಗಟ್ಟಿಯಾಗಿ ಓದುವುದು. ಪಂಚವಾರ್ಷಿಕ ಯೋಜನೆ, ಏಕೀಕರಣದ ಸಭೆ, ಹತ್ತಿಯ ಧಾರಣೆ ಎಲ್ಲಕ್ಕೂ ಅವರದು ಒಂದೇ ‘ಹ್ಞೂಂ.’ ಅವರಿಗೆ ಬೇಕಾದದ್ದು ಬಂದೂಕಿನ ಶರ್ಯತ್ತಿನ ಸುದ್ದಿ. ಅದು ತಿಂಗಳಿಗೊಮ್ಮೆ ಬಂದರೆ ಹೆಚ್ಚು, ಅದೂ ಯಾವುದೋ ಮೂಲೆಯಲ್ಲಿ ಎರಡು ಸಾಲು: ದಿಲ್ಲಿಯಲ್ಲಿ ಇಂಥವರು ಗೆದ್ದರು, ಯುರೋಪಿನ ಯಾವುದೋ ಊರಲ್ಲಿ ಇಂಥವರು ಸೋತರು.

ಎರಡು ಸಾಲಿಗೆ ಅವರ ಸಮಾಧಾನವಾಗುತ್ತಿರಲಿಲ್ಲ. ಎಷ್ಟು ಹೆಜ್ಜೆ ದೂರದಿಂದಂತೆ, ನಿಂತು ಹೊಡೆದರೋ ಮಲಗಿ ಹೊಡೆದರೋ, ಗಾಳಿ ಯಾವ ಕಡೆಯದಿತ್ತು ಎಂದು ಕಂಬವನ್ನು ಕೇಳಿದ ಹಾಗೆ ಕೇಳುತ್ತಿದ್ದರು. ಪತ್ರಿಕೆಯಲ್ಲಿ ಅದೇನೂ ಇರುತ್ತಿರಲಿಲ್ಲ. ಪಾಪ ಅನ್ನಿಸಿ ನಾನೇ ಸೇರಿಸತೊಡಗಿದೆ. ದಿಲ್ಲಿಯಲ್ಲಿ ಅಂದು ಮೂಡಗಾಳಿ ಸಣ್ಣಗೆ ಬೀಸುತ್ತಿತ್ತು, ಗೆದ್ದವನು ಉಸಿರು ಬಿಗಿಹಿಡಿದು ಬಹಳ ಹೊತ್ತು ಕಾದ, ಎಂದೆಲ್ಲ ಓದುವ ದನಿಯಲ್ಲೇ ಹೇಳಿಬಿಡುತ್ತಿದ್ದೆ. ಒಂದು ದಿನ ಅವರು ಅತ್ತೆಯನ್ನು ಕರೆದು, ‘ಈ ಗಾಳಿ ಪೇಪರದಾಗ ಬೀಸ್ತೋ, ಬಾಗಲ ಹಿಂದ ಬೀಸ್ತೋ, ಸ್ವಲ್ಪ ಕೇಳು’ ಎಂದರು. ನಾನು ನಾಚಿ ಅಡಿಗೆಮನೆಗೆ ಓಡಿದೆ. ಮರುದಿನ ಬಸ್ಸು ಬರುವ ಹೊತ್ತಿಗೆ ಅವರು ಕಂಬಕ್ಕೊರಗಿ ಕುಳಿತೇ ಇದ್ದರು, ಓದಲಿ ಎಂಬಂತೆ ಕೆಮ್ಮಿದರು.

ದಸರೆಯ ಬನ್ನಿ ಮುಗಿದ ಮೇಲೆ ಗಜೇಂದ್ರಗಡದ ಗುಡ್ಡದ ಬುಡದಲ್ಲಿ ಶರ್ಯತ್ತು ನಡೆಯುತ್ತಿತ್ತು. ಸುತ್ತಿನ ಊರುಗಳ ಲೈಸೆನ್ಸುದಾರರೆಲ್ಲ ಖಂಡೆ ಪೂಜೆಯ, ಅಂದರೆ ಆಯುಧಪೂಜೆಯ, ಕುಂಕುಮ ಆರದ ಬಂದೂಕುಗಳನ್ನು ಕಂಬಳಿಯಲ್ಲಿ ಸುತ್ತಿಕೊಂಡು ಬರುತ್ತಿದ್ದರು. ಐವತ್ತು ಹೆಜ್ಜೆಯಾಚೆ ಸುಣ್ಣ ಬಳಿದ ಹಲಗೆ, ಅದರ ನಡುವೆ ಕುಂಕುಮದ ಬೊಟ್ಟು. ಒಬ್ಬೊಬ್ಬರಿಗೆ ಮೂರು ಈಡು. ಬೊಟ್ಟಿನಿಂದ ಪ್ರತಿಯೊಂದು ತೂತಿನವರೆಗೆ ಪಂಚರು ದಾರ ಹಿಡಿದು ಅಳೆಯುವರು. ಮೂರೂ ಅಳತೆಯನ್ನು ಒಂದೇ ದಾರದಲ್ಲಿ ಗಂಟು ಹಾಕುತ್ತ ಕೂಡಿಸಿದಾಗ ಯಾರ ದಾರ ಎಲ್ಲಕ್ಕೂ ಗಿಡ್ಡವೋ ಅವರಿಗೆ ಬೆಳ್ಳಿಯ ಕಡಗ. ಅದು ಕೆಲವು ವರ್ಷ ನಮ್ಮ ಮಾವನವರಿಗೆ, ಕೆಲವು ವರ್ಷ ಗಜೇಂದ್ರಗಡದ ಒಬ್ಬ ಸೀರೆ ಅಂಗಡಿಯವರಿಗೆ ಬರುತ್ತಿತ್ತು. ಇಬ್ಬರೂ ಎದುರಾಳಿಗಳು, ಇಬ್ಬರೂ ಸ್ನೇಹಿತರು. ನಮ್ಮ ಮನೆಯ ಸೀರೆಗಳೆಲ್ಲ ಅವರ ಅಂಗಡಿಯವೇ.

ಒಂದೊಂದು ಈಡಿಗೆ ಬೇಕಾಗುವಷ್ಟು ಮದ್ದನ್ನು ಮನೆಯಲ್ಲೇ ಅಳೆದು, ಕಾಗದದ ಪೊಟ್ಟಣ ಕಟ್ಟಿ ಒಯ್ಯುವುದು ವಾಡಿಕೆ. ಬೆರಳುದ್ದದ ಒಂದು ಹಿತ್ತಾಳೆಯ ಅಳತೆಯಿತ್ತು. ಅದರ ಅಂಚೂ ಸರಿಯಾಗಿ ಕಾಣದಾದಾಗ ಆ ಕೆಲಸವನ್ನೂ ಮಾವನವರು ಅತ್ತೆಯ ಬಾಯಿಂದ ನನಗೆ ಹೇಳಿಸಿದರು. ಮದ್ದು ತುಂಬಬೇಕು, ಅಂಚಿಗೆ ಸರಿಯಾಗಿ ಕಡ್ಡಿ ಎಳೆದು ಮೇಲಿನದನ್ನು ತೆಗೆಯಬೇಕು, ಒಲೆ ಹೊತ್ತಿಸಿದ ಮನೆಯಲ್ಲಿ ಕೂಡಬಾರದು. ಹಿತ್ತಲಿನಲ್ಲಿ ಕುಳಿತು, ನಾನೇ ಓದಿ ಮುಗಿಸಿದ ಪತ್ರಿಕೆಗಳನ್ನು ಹರಿದು ಪೊಟ್ಟಣ ಕಟ್ಟುತ್ತಿದ್ದೆ. ಎರಡು ವರ್ಷ ಹಾಗೆ ಕಟ್ಟಿದೆ. ಎರಡನೆಯ ವರ್ಷ ಕಡಗ ನಮ್ಮ ಮನೆಗೆ ಬಂತು.

ಮೂರನೆಯ ವರ್ಷ, ಕರ್ನಾಟಕ ಒಂದಾಗುವುದಕ್ಕೆ ಒಂದು ವರ್ಷ ಮುಂಚೆ, ನಾನು ಆ ತಪ್ಪು ಮಾಡಿದೆ. ಕಾಳಿನ ವ್ಯಾಪಾರದ ಮನೆಯಲ್ಲಿ ಅಳೆಯುವುದಕ್ಕೆ ಒಂದು ರೀತಿಯಿದೆ. ಮೊದಲ ಸೇರನ್ನು ಒಂದು ಎನ್ನದೆ ‘ಲಾಭ’ ಎಂದು ಎಣಿಸುವುದು, ಕೊನೆಯ ಸೇರಿನ ಮೇಲೆ ಒಂದು ಹಿಡಿ ಕೊಸರು ಹಾಕುವುದು. ಕೊಸರಿಲ್ಲದೆ ಅಳೆದುಕೊಟ್ಟರೆ ಕೈ ಬಿಗಿಯಾದವರು ಎನ್ನಿಸಿಕೊಳ್ಳಬೇಕು. ತವರಿನಲ್ಲಿ ಅವ್ವನೂ ಹಾಗೆಯೇ ಅಳೆಯುತ್ತಿದ್ದಳು. ಆ ದಿನ ಮೂರನೆಯ ಪೊಟ್ಟಣಕ್ಕೆ ಬಂದಾಗ, ಇದೇ ಕೊನೆಯದು, ಮಾವನವರು ಮತ್ತೆ ಗೆದ್ದು ಬರಲಿ ಎಂದುಕೊಂಡು, ಕಡ್ಡಿ ಎಳೆದ ಮೇಲೆ ಮತ್ತೊಂದು ಚಿಟಿಕೆ, ಅದರ ಮೇಲೊಂದು ಚಿಟಿಕೆ ಮದ್ದು ಹಾಕಿ ಕಟ್ಟಿಬಿಟ್ಟೆ. ತಪ್ಪೆಂದು ಹೊಳೆಯಲೇ ಇಲ್ಲ. ಒಳ್ಳೆಯದು ಮಾಡಿದೆನೆಂಬ ಸಂತೋಷದಿಂದ ಅದರ ಮೇಲೆ ಮೂರು ಗೆರೆ ಎಳೆದು ಗುರುತನ್ನೂ ಮಾಡಿದೆ.

ಸಂಜೆಯ ಬಸ್ಸಿಗೆ ಅಪ್ಪ ಮಗ ಬಂದರು. ನಮ್ಮ ಮನೆಯವರ ಮುಖ ಬಾಡಿತ್ತು. ಮೊದಲನೆಯ ಈಡು ಬೊಟ್ಟನ್ನೇ ಹರಿದಿತ್ತಂತೆ, ಎರಡನೆಯದು ಎರಡು ಬೆರಳಿನ ಅಂತರಕ್ಕೆ. ಕಡಗ ಬಂದೇ ಬಿಟ್ಟಿತೆಂದು ನರಗುಂದದವರೆಲ್ಲ ಎದ್ದು ನಿಂತಿದ್ದರಂತೆ. ಮೂರನೆಯದು ಹಲಗೆಯ ಮೇಲಂಚಿಗೆ ಹೋಗಿ ಬಡಿಯಿತು. ದಾರ ಅಷ್ಟುದ್ದ ಬೆಳೆಯಿತು. ಕಣ್ಣು ಹೋಯಿತು, ಇನ್ನು ಸಾಕು ಮಾಡಲಿ ಎಂದು ಜನ ಬಸ್ ಸ್ಟ್ಯಾಂಡಿನಲ್ಲೇ ಆಡಿಕೊಂಡರಂತೆ. ಇದನ್ನು ಹೇಳಿ ನಮ್ಮ ಮನೆಯವರು ಬಂದೂಕನ್ನು ಒಳಗೆ ಒಯ್ದಿಟ್ಟರು.

ಮಾವನವರು ಕೈಕಾಲು ತೊಳೆದುಕೊಂಡು ಪಡಸಾಲೆಯಲ್ಲಿ ಕುಳಿತರು. ಮಗ ಅಂಗಡಿಗೆ ಹೋದ ಮೇಲೆ ಅತ್ತೆಗೆ, ಮೂರನೆಯ ಪೊಟ್ಟಣ ಹೇಗೆ ಕಟ್ಟಿದಳು ಕೇಳು ಎಂದರು. ನಾನು ಬಾಗಿಲ ಹಿಂದಿನಿಂದ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಹೇಳುತ್ತ ಹೇಳುತ್ತ ನನಗೇ ನನ್ನ ತಪ್ಪು ಅರ್ಥವಾಯಿತು. ಬೈಯುತ್ತಾರೆಂದು ಕಾದೆ. ಅವರು ಊಟಕ್ಕೆ ಬಡಿಸು ಎಂದರು. ಎಂದಿನಂತೆ ಎರಡು ರೊಟ್ಟಿ ತಿಂದರು, ಬದನೆಕಾಯಿ ಚೆನ್ನಾಗಿದೆ ಎಂದರು.

ನಾಲ್ಕು ದಿನದ ಮೇಲೆ ಬೆಳಗಿನ ಜಾವ ಕಳೆದು ಬಿಸಿಲು ಬೀಳುವ ಹೊತ್ತಿಗೆ, ನನ್ನನ್ನೂ ಅತ್ತೆಯನ್ನೂ ಕರೆದುಕೊಂಡು ನಮ್ಮೂರ ಗುಡ್ಡದ ಹಿಂಬದಿಗೆ ಹೋದರು. ಹಲಗೆ ಒರಗಿಸಿ, ಮದ್ದು ಜಡಿದು, ಬಂದೂಕು ಹಿಡಿದು ನಿಂತರು. ನಾನು ಅತ್ತೆಯ ಬೆನ್ನ ಹಿಂದೆ ನಿಂತಿದ್ದೆ. ಮದುವೆಯಾಗಿ ಮೂರು ವರ್ಷದಲ್ಲಿ ಮೊದಲ ಸಲ ಅವರು ನನ್ನೊಡನೆ ನೇರವಾಗಿ ಮಾತಾಡಿದ್ದು ಅಲ್ಲಿಯೇ.

‘ಇಲ್ಲಿ ಬಾ ಯವ್ವಾ. ಬಾಗಲ ಹಿಂದ ನಿಂತು ಈಡು ಹೊಡ್ಯಾಕ ಬರೂದಿಲ್ಲ. ಸೆರಗ ಟೊಂಕಕ್ಕ ಸಿಗಸು.’

ಅತ್ತೆ, ಏನಿದು ಹುಚ್ಚು ಎಂದು ಗೊಣಗಿದರು. ಮಾವನವರು ಕೇಳಿಸಿಕೊಳ್ಳಲಿಲ್ಲ. ಬಂದೂಕಿನ ಹಿಡಿಯನ್ನು ಭುಜಕ್ಕೆ ಹೇಗೆ ಒತ್ತಿಕೊಳ್ಳಬೇಕು, ಉಸಿರು ಎಲ್ಲಿ ನಿಲ್ಲಿಸಬೇಕು ಎಂದು ಹೇಳಿಕೊಟ್ಟರು. ಮೊದಲ ಈಡು ಸರಿ ಅಳತೆಯದು. ಸದ್ದಿಗೆ ಕಿವಿ ಗುಂಯ್ ಎಂದಿತು, ಗುಂಡು ಹಲಗೆಯ ಕೆಳಮೂಲೆಗೆ ತಾಗಿತು. ಹಲಗೆಗೆ ತಾಗಿತೆಂದು ಎಲ್ಲರಿಗಿಂತ ಹೆಚ್ಚು ಖುಷಿಪಟ್ಟವರು ಅತ್ತೆ. ಎರಡನೆಯದಕ್ಕೆ ಮಾವನವರು ಕೊಸರು ಹಾಕಿ ಜಡಿದರು. ಬಂದೂಕಿನ ಕುದುರೆ ಎಳೆದದ್ದೇ ತಡ, ಭುಜಕ್ಕೆ ಯಾರೋ ಒನಕೆಯಿಂದ ಗುದ್ದಿದ ಹಾಗಾಯಿತು. ನಳಿಗೆ ಮೇಲಕ್ಕೆದ್ದಿತು, ಗುಂಡು ಹಲಗೆ ದಾಟಿ ಎಲ್ಲೋ ಕಲ್ಲಿಗೆ ಬಡಿಯಿತು.

‘ತಿಳೀತಲ್ಲ? ಕೊಡೂ ಅಳತಿ ಬ್ಯಾರೆ, ಗುರಿ ಅಳತಿ ಬ್ಯಾರೆ. ನೀ ಪ್ರೀತಿಲೆ ಹಾಕಿದ್ದಿ, ಅದು ಮದ್ದಿಗೆ ತಿಳ್ಯೂದಿಲ್ಲ.’

ನಾನು ಅಳುತ್ತ, ಊರವರಿಗೆ ಹೇಳಿಬಿಡುತ್ತೇನೆ, ನಿಮ್ಮ ಕಣ್ಣಿನ ತಪ್ಪಲ್ಲ ಎಂದು ಹೇಳುತ್ತೇನೆ ಎಂದೆ. ಅವರು ಬಂದೂಕನ್ನು ಕಂಬಳಿಯಲ್ಲಿ ಸುತ್ತುತ್ತ, ‘ಈಡು ಹೊಡದಾಂವ ನಾನು. ಅದು ಎಲ್ಲಿ ಬಿತ್ತೋ ಅದು ನಂದ. ನಿನ್ನ ಗಂಡಗೂ ಹೇಳೂದು ಬ್ಯಾಡ. ಬರೂ ವರ್ಷ ನೋಡೂಣು’ ಎಂದರು.

ಆ ವರ್ಷವಿಡೀ ಜನ ಅವರನ್ನು ಕಾಡಿದರು. ಅಂಗಡಿಗೆ ಬಂದ ರೈತರು ಕೂಡ, ಸಾಹುಕಾರರಿಗೆ ಈ ಚೀಲ ಕಾಣುತ್ತದೋ ಇಲ್ಲವೋ ಎಂದು ಚೇಷ್ಟೆ ಮಾಡುತ್ತಿದ್ದರು. ಅವರು ಎಲ್ಲರ ಜೊತೆ ತಾವೂ ನಗುತ್ತಿದ್ದರು. ಆ ನಗು ಕೇಳಿದಾಗೆಲ್ಲ ನನಗೆ ಮೈ ಹಿಡಿಯಷ್ಟಾಗುತ್ತಿತ್ತು. ಮೊದಲಿನ ಹಾಗೆ ಪತ್ರಿಕೆ ಓದುತ್ತಿದ್ದೆ. ಒಂದೇ ಬದಲಾವಣೆಯೆಂದರೆ ನಾನೀಗ ಬಾಗಿಲ ಈಚೆ, ಹೊಸ್ತಿಲ ಮೇಲೆ ಕುಳಿತು ಓದುತ್ತಿದ್ದೆ. ಹದಿನೈದು ದಿನಕ್ಕೊಮ್ಮೆ ನಾನು ಕಟ್ಟಿದ ಪೊಟ್ಟಣ ಒಯ್ದು ಗುಡ್ಡದ ಹಿಂದೆ ಹೊಡೆದು ಬರುತ್ತಿದ್ದರು. ಬಂದವರೇ, ಎಲ್ಲ ಬೊಟ್ಟಿನ ಹತ್ತಿರವೇ ಎಂದು ನನಗಷ್ಟೇ ಕೇಳುವಂತೆ ಹೇಳುತ್ತಿದ್ದರು. ಮುಂದಿನ ದಸರೆಗಾಗಿ ಅವರಿಗಿಂತ ಹೆಚ್ಚು ನಾನು ದಿನ ಎಣಿಸುತ್ತಿದ್ದೆ.

ದಸರೆ ಬರಲಿಲ್ಲ. ಶ್ರಾವಣದಲ್ಲಿ ಒಂದು ಮುಂಜಾನೆ ಪೂಜೆಗೆ ಕುಳಿತವರು ಎದೆ ಹಿಡಿದುಕೊಂಡು ಪಕ್ಕಕ್ಕೆ ವಾಲಿದರು. ದವಾಖಾನೆಯಿಂದ ಡಾಕ್ಟರರು ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಮೂರು ದಿನದ ಮೇಲೆ ಗಜೇಂದ್ರಗಡದ ಸೀರೆ ಅಂಗಡಿಯವರು ಮಾತಾಡಿಸಲು ಬಂದರು. ಪಡಸಾಲೆಯಲ್ಲಿ ಊರ ಹಿರಿಯರು ಏಳೆಂಟು ಜನ ಕುಳಿತಿದ್ದರು. ಅವರ ಗುಣ, ಅವರ ವ್ಯಾಪಾರ, ಅವರ ಬಂದೂಕು ಎಲ್ಲದರ ಮಾತು ಬಂತು. ಯಾರೋ ನಿಟ್ಟುಸಿರು ಬಿಟ್ಟು, ಎಂಥ ಗುರಿಕಾರ, ಕಡೆಗೆ ಕಣ್ಣು ಕೈಕೊಟ್ಟಿತು ನೋಡಿ ಎಂದರು. ಉಳಿದವರು ಹೌದೆಂದರು. ಒಳಗೆ ಅತ್ತೆಯ ಪಕ್ಕದಲ್ಲಿದ್ದ ನಾನು ಯಾವಾಗ ಎದ್ದೆನೋ ಗೊತ್ತಿಲ್ಲ. ಹೊಸ್ತಿಲು ದಾಟಿ ಆ ಗಂಡಸರ ನಡುವೆ ಬಂದು ನಿಂತಿದ್ದೆ.

‘ಅವರ ಕಣ್ಣು ಚಲೋ ಇದ್ದುವ್ರಿ. ಮೂರನೇ ಪೊಟ್ಟಣದಾಗ ಮದ್ದು ಹೆಚ್ಚಿಗಿ ಹಾಕಿದಾಕಿ ನಾನು.’

ನಮ್ಮ ಮನೆಯವರು ನನ್ನನ್ನು ಅಪರಿಚಿತಳಂತೆ ನೋಡಿದರು. ಸೀರೆ ಅಂಗಡಿಯವರು ರುಮಾಲು ತೆಗೆದು ತೊಡೆಯ ಮೇಲಿಟ್ಟುಕೊಂಡರು.

‘ನನಗ ಅವತ್ತ ಗೊತ್ತಾಗಿತ್ತು ತಂಗಿ’ ಎಂದರು. ‘ಆ ಈಡಿನ ಸಪ್ಪಳನ ಬ್ಯಾರೆ ಇತ್ತು. ಹತ್ರ ಹೋಗಿ ಹೇಳಿದೆ, ಮದ್ದು ಹೆಚ್ಚಾಗೇತಿ, ಪಂಚರಿಗೆ ಹೇಳ್ರಿ, ಇನ್ನೊಂದು ಈಡು ಕೊಡ್ತಾರ, ನನ್ನ ಒಪ್ಪಿಗಿ ಐತಿ ಅಂತ. ನಿಮ್ಮ ಮಾವಾರು ಒಪ್ಪಲಿಲ್ಲ. ಮದ್ದು ತುಂಬಿದವರು ಯಾರು ಅಂತ ಪಂಚರು ಕೇಳ್ತಾರ, ಇಷ್ಟು ಮಂದ್ಯಾಗ ನನ್ನ ಸೊಸಿ ತಪ್ಪು ಮಾಡ್ಯಾಳ ಅಂತ ನಾ ಹ್ಯಾಂಗ ಹೇಳ್ಲಿ, ಕಡಗ ನೀವ ಒಯ್ರಿ ಅಂದ್ರು.’

ಮನೆಗೆ ಬಂದು ನನ್ನನ್ನು ಕೇಳುವುದಕ್ಕೆ ಮೊದಲೇ, ಆ ಬಯಲಿನಲ್ಲಿ ಭುಜ ನೋಯುತ್ತಿರುವಾಗಲೇ, ಅವರಿಗೆ ಎಲ್ಲ ತಿಳಿದಿತ್ತು. ಗೆಲ್ಲಲು ಒಂದೇ ಒಂದು ಮಾತು ಸಾಕಿತ್ತು. ಅದನ್ನು ಅವರು ಆಡಲಿಲ್ಲ. ನಾನು ಅಲ್ಲಿಯೇ, ಎಲ್ಲರ ಎದುರು, ಬಾಯಿಗೆ ಸೆರಗು ಅಡ್ಡ ಹಿಡಿಯುವುದನ್ನೂ ಮರೆತು ಅತ್ತುಬಿಟ್ಟೆ. ನನಗೀಗ ಅವರಿಗಿಂತ ಹೆಚ್ಚು ವಯಸ್ಸಾಗಿದೆ. ನನ್ನ ಮರ್ಯಾದೆ ಉಳಿಸಲು ತನ್ನ ಹೆಸರು ಕಳೆದುಕೊಂಡ ಮನುಷ್ಯ ಈ ಬದುಕಿನಲ್ಲಿ ನನಗೆ ಅವರೊಬ್ಬರೇ.