ಕೊನೆಯ ಕಂಬದ ವೋಲ್ಟೇಜ್

ಬೀದರಿನ ವಿದ್ಯುತ್ ಕಚೇರಿಯಲ್ಲಿ ನನ್ನ ಕೆಲಸ ಕರೆಂಟಿನ ಲೆಕ್ಕ ಹಾಕುವುದು. ತಂತಿ ಎಷ್ಟು ದಪ್ಪ, ಎಷ್ಟು ಉದ್ದ, ಅದರ ಮೇಲೆ ಎಷ್ಟು ಮೋಟಾರುಗಳ ಹೊರೆ ಎಂದು ತಿಳಿಸಿದರೆ, ಲೈನಿನ ಕೊನೆಯ ಕಂಬದಲ್ಲಿ ಎಷ್ಟು ವೋಲ್ಟೇಜ್ ಉಳಿಯುತ್ತದೆಂದು ಕಂಪ್ಯೂಟರ್ ಹೇಳುತ್ತದೆ. ಭಾಲ್ಕಿ ತಾಲ್ಲೂಕಿನ ಮೆಹಕರದಲ್ಲಿ ಅಂಥದೊಂದು ಕೊನೆಯ ಕಂಬದ ಪಕ್ಕ ನನ್ನ ಅಕ್ಕನ ಹಿಟ್ಟಿನ ಗಿರಣಿ ಇತ್ತು.

ವೋಲ್ಟೇಜ್ ಸಾಲದೆ ಅದರ ಮೋಟಾರು ಮತ್ತೆ ಮತ್ತೆ ಸುಡುತ್ತಿತ್ತು. "ಇನ್ನೊಮ್ಮಿ ಸುಟ್ಟರ ಬಾಗಿಲಾ ಹಾಕ್ತೇನಿ ನೋಡು" ಎಂದಿದ್ದಳು ಅಕ್ಕ. ಅಲ್ಲಿಗೆ ಹೊಸ ಟ್ರಾನ್ಸ್‌ಫಾರ್ಮರ್ ಬೇಕಿತ್ತು. ಮಂಜೂರಾಗಬೇಕಾದರೆ ವೋಲ್ಟೇಜ್ ಕಡಿಮೆಯೆಂದು ಲೆಕ್ಕ ತೋರಿಸಬೇಕು. ನನ್ನ ಹಾಳು ಲೆಕ್ಕವೋ, ಎಲ್ಲ ಚೆನ್ನಾಗಿದೆ ಎನ್ನುತ್ತಿತ್ತು. ಔರಾದ ಪಟ್ಟಣದ ಮನೆಗಳಿಗೆ ಸರಿಯಾಗಿ ಹೊಂದಿದ ಲೆಕ್ಕ ಇಲ್ಲಿ ಯಾಕೆ ಸುಳ್ಳಾಡುತ್ತದೆಂದು ತಲೆ ಚಿಟ್ಟು ಹಿಡಿಯಿತು.

ಭಾಲ್ಕಿಯಿಂದ ಬಸ್ಸು ಹಿಡಿದು ಹೋದೆ. ಗಿರಣಿಯ ಮುಂದೆ ಜೋಳದ ಡಬ್ಬಿಗಳು ಸಾಲಾಗಿ ಕೂತಿದ್ದವು. ತ್ರೀ ಫೇಸ್ ಕರೆಂಟು ಬಂದದ್ದೇ ತಡ, ಸುತ್ತಲಿನ ಹೊಲದ ಪಂಪುಗಳೆಲ್ಲ ಒಟ್ಟಿಗೇ ಶುರುವಾದವು. ಹೊಲದಲ್ಲಿ ನರಪಿಳ್ಳೆಯೂ ಇರಲಿಲ್ಲ. ಗಿರಣಿಯ ಮೋಟಾರು ಗುಂಯ್ ಎಂದಿತು, ತಿರುಗಲಿಲ್ಲ. ಅಕ್ಕ ಓಡಿಹೋಗಿ ಸ್ವಿಚ್ ಆರಿಸಿದಳು.

"ಎಲ್ಲಾರೂ ಆಟೊ ಹಚ್ಯಾರ" ಎಂದಳು.

ಕರೆಂಟು ಬಂದೊಡನೆ ಪಂಪನ್ನು ತಾನೇ ಶುರುಮಾಡುವ ಪೆಟ್ಟಿಗೆ ಅದು. ಯಾವಾಗಲೋ ಬರುವ ಕರೆಂಟಿಗಾಗಿ ಹೊಲದಲ್ಲಿ ಯಾರು ಕಾಯುತ್ತ ಕೂರುತ್ತಾರೆ? ನನ್ನ ಲೆಕ್ಕದಲ್ಲಿ ಮಾತ್ರ ಮೆಹಕರದ ರೈತರು ಸಭ್ಯರಾಗಿ ಒಬ್ಬರಾದ ಮೇಲೊಬ್ಬರು ಪಂಪು ಹಚ್ಚುತ್ತಿದ್ದರು.

ಅದನ್ನು ತಿದ್ದಿದ ಕೂಡಲೇ ಕೊನೆಯ ಕಂಬದ ವೋಲ್ಟೇಜ್ ಪಾತಾಳಕ್ಕಿಳಿಯಿತು. ಖುಷಿಯಿಂದ ಸಾಹೇಬರ ಮುಂದಿಟ್ಟೆ.

"ಆಟೊ ಹಚ್ಚಲಿಕ್ಕ ಪರವಾನಗಿ ಇಲ್ರಿ. ಇಲ್ಲದ್ದು ಲೆಕ್ಕದಾಗ ಹ್ಯಾಂಗ ಹಿಡೀತೀರಿ?" ಎಂದರು.

"ಹಚ್ಯಾರ್ರೀ ಸರ್, ನಾನೇ ನೋಡಿ ಬಂದೀನಿ."

"ಹಂಗ ಬರದ್ರ ನಾವೇ ಒಪ್ಪಿಕೊಂಡಂಗ ಆಗ್ತದ್ರಿ. ಹಳೇದೇ ಕಳಸ್ರಿ."

ಮೈಯೆಲ್ಲ ಉರಿದುಹೋಯಿತು. ಎಷ್ಟು ವಾದಿಸಿದರೂ ಹಳೆಯದೇ ಹೋಯಿತು, ಟ್ರಾನ್ಸ್‌ಫಾರ್ಮರ್ ಬರಲಿಲ್ಲ. ಬೇಸಿಗೆಯಲ್ಲಿ ಮೋಟಾರು ಮತ್ತೆ ಸುಟ್ಟಿತು, ಅಕ್ಕ ಗಿರಣಿಗೆ ಬೀಗ ಹಾಕಿದಳು. ಫೋನಿನಲ್ಲಿ ಬೈಯುತ್ತಾಳೆಂದುಕೊಂಡಿದ್ದೆ. ಬೈಯಲಿಲ್ಲ.

"ನಿನ್ನ ಕಂಪ್ಯೂಟರಿನಾಗ ಈಗೂ ನನ್ನ ಗಿರಣಿ ನಡೀಲಿಕತ್ತದೇನು?" ಎಂದು ಕೇಳಿದಳು.

"ನಡೀಲಿಕತ್ತದ" ಎಂದೆ.

"ಹಂಗಾದ್ರ ಮಂದಿ ಜೋಳ ಅಲ್ಲಿಗೇ ಕಳಸ್ತೇನಿ. ಬೀಸಿ ಕೊಡು."