ಹಿಮಾಲಯದ ಮೇಲೆ ಓಪನಿಂಗ್ ಇದ್ಯಾ?

ರಿಸೆಷನ್‌ನಲ್ಲಿ, ಅಮೆರಿಕದ ಮಿಷಿಗನ್‌ನ ವಾರೆನ್ ಊರಿನಲ್ಲಿದ್ದ ನನ್ನ ಕಾರು ಡಿಸೈನ್ ಕೆಲಸ ಹೋಯ್ತು. ಅಪ್ಲೈ ಮಾಡಿ ಮಾಡಿ ಬೇಜಾರಾಗಿ, ನೇಪಾಳಕ್ಕೆ ಹೋಗಿ ಅನ್ನಪೂರ್ಣ ಸರ್ಕ್ಯೂಟ್ ಚಾರಣಕ್ಕೆ ಹೊರಟುಬಿಟ್ಟೆ. ದಾರಿಯ ಅತಿ ಎತ್ತರದ ಜಾಗದಲ್ಲಿ ಉಸಿರಿಗೆ ಒದ್ದಾಡುತ್ತಾ ಕೂತಿದ್ದಾಗ ಪಕ್ಕದಲ್ಲೇ, "ಅಯ್ಯಪ್ಪಾ, ಸಾಕಾಯ್ತು!" ಅಂತ ಕನ್ನಡ ಕೇಳಿಸಿತು. ಮೈಸೂರಿನವರು, ಈಗ ಶಿಕಾಗೋ ಹತ್ತಿರದ ಲೈಲ್‌ನಲ್ಲಿದ್ದಾರಂತೆ. ನಾನಿರೋದು ವಾರೆನ್‌ನಲ್ಲಿ, ಕಾರು ಡಿಸೈನರ್ ಅಂದಿದ್ದೇ ತಡ, ಎದುರಿಗಿದ್ದ ಹಿಮಶಿಖರಕ್ಕೆ ಬೆನ್ನು ಹಾಕಿ, ಏದುಸಿರು ಬಿಡುತ್ತಲೇ ಕೇಳಿದರು:

"ನಿಮ್ಮ ಕಂಪನೀಲಿ ಓಪನಿಂಗ್ ಇದ್ಯಾ? ನನ್ನನ್ನ ತೆಗೆದುಬಿಟ್ರು."

"ಅಯ್ಯೋ ಸಾರ್, ನಾನೇ ನಿಮ್ಮನ್ನ ಕೇಳೋಣ ಅಂತಿದ್ದೆ!"

ಇಬ್ಬರೂ ಹಿಮದಲ್ಲಿ ಬಿದ್ದು ಬಿದ್ದು ನಕ್ಕೆವು. ನಿಲ್ಲಿಸೋಕೇ ಆಗಲಿಲ್ಲ. ಎತ್ತರದ ಗಾಳಿಗೆ ತಲೆ ಕೆಟ್ಟಿದೆ ಅಂತ ಗಾಬರಿಯಾದ ಗೈಡ್, ನಮ್ಮಿಬ್ಬರ ರಟ್ಟೆ ಹಿಡಿದು ದರದರ ಕೆಳಗಿಳಿಸಿದ.

ನನ್ನ ತಲೆ ಕೆಟ್ಟಿದ್ದು ಮಿಷಿಗನ್‌ನ ಸಮತಟ್ಟು ನೆಲದ ಮೇಲೇ ಅಂತ ಅವನಿಗೆ ಹೇಗೆ ಹೇಳಲಿ?